ಠರಾವು ಮತ್ತು ಬೊಗಸೆ ನೀರು: ಮಹಾಡ್ ಕೆರೆಯ ಪ್ರಕರಣ ಅಧ್ಯಯನ

ಕೊಂಕಣದಲ್ಲಿ ಸಾವಿತ್ರಿ ನದಿಯ ದಡದ ಮೇಲಿರುವ ಮಹಾಡ್ ಎಂಬ ಸಣ್ಣ ಪಟ್ಟಣದ ಪುರಸಭೆಯು 1924ರ ಜನವರಿ 5ರಂದು ಒಂದು ಠರಾವು ಮಾಡಿತು. ಊರಿನ ನಡುವೆ ಇದ್ದ ಚವದಾರ ಕೆರೆಯನ್ನು ಅಸ್ಪೃಶ್ಯರೂ ಬಳಸಬಹುದು ಎಂಬುದು ಆ ಠರಾವಿನ ಸಾರ. ಅದರ ಹಿಂದೆ ಪ್ರಾಂತದ ಸರ್ಕಾರದ ಆದೇಶವಿತ್ತು, ಆ ಆದೇಶದ ಹಿಂದೆ ಮುಂಬಯಿ ವಿಧಾನ ಪರಿಷತ್ತಿನ ನಿರ್ಣಯವಿತ್ತು. ಆದರೂ ಅಂದಿನಿಂದ 1927ರ ಮಾರ್ಚ್ 20ರ ತನಕ, ಅಂದರೆ ಮೂರು ವರ್ಷ ಎರಡೂವರೆ ತಿಂಗಳ ಕಾಲ, ಠರಾವು ಯಾರಿಗಾಗಿ ಆಗಿತ್ತೋ ಅವರು ಆ ಕೆರೆಯ ನೀರನ್ನು ಕುಡಿಯಲಿಲ್ಲ.

ಪ್ರಜಾಪ್ರಭುತ್ವವನ್ನು ಸರ್ಕಾರದಾಚೆಗೆ, ದಿನನಿತ್ಯದ ಬದುಕಿನಲ್ಲಿ ಅರ್ಥ ಮಾಡಿಕೊಳ್ಳಬೇಕೆನ್ನುವವರು ಮೊದಲು ನೋಡಬೇಕಾದದ್ದು ಈ ಮೂರು ವರ್ಷಗಳನ್ನು ಎಂದು ನನಗೆ ಅನ್ನಿಸುತ್ತದೆ. ನಮ್ಮ ಭಾಷೆಯಲ್ಲಿ ಇದಕ್ಕೊಂದು ಹೆಚ್ಚಿನ ತೊಡಕೂ ಇದೆ. ಪ್ರಜಾಪ್ರಭುತ್ವ ಎಂಬ ಮಾತಿನೊಳಗೇ ಪ್ರಭುತ್ವ ಕುಳಿತಿರುವುದರಿಂದ, ಆ ಪದವನ್ನು ಕೇಳಿದ ಕೂಡಲೇ ನಮ್ಮ ಮನಸ್ಸು ವಿಧಾನಸೌಧದ ಕಡೆಗೆ, ಮತಗಟ್ಟೆಯ ಕಡೆಗೆ ಹೋಗುತ್ತದೆಯೇ ಹೊರತು ಬಾವಿಕಟ್ಟೆಯ ಕಡೆಗೆ, ಹೋಟೆಲಿನ ಬೆಂಚಿನ ಕಡೆಗೆ, ಕ್ಷೌರದಂಗಡಿಯ ಕುರ್ಚಿಯ ಕಡೆಗೆ ಹೋಗುವುದಿಲ್ಲ. ಮಹಾಡ್‌ನಲ್ಲಿ ನಡೆದದ್ದು ಆ ಎರಡನೆಯ ಬಗೆಯ ಜಾಗದಲ್ಲಿ.

ಕೆರೆ, ರಸ್ತೆ, ಮೆಟ್ಟಿಲು

ಪ್ರಕರಣವನ್ನು ತಿಳಿಯಲು ಆ ಜಾಗದ ನಕ್ಷೆ ಕಣ್ಣ ಮುಂದೆ ಇರಬೇಕು. ಚವದಾರ ಕೆರೆ ನಾಲ್ಕರಿಂದ ಐದು ಎಕರೆಯಷ್ಟು ವಿಸ್ತಾರದ್ದು. ಅದನ್ನು ಯಾರೋ ಒಬ್ಬ ಪುಣ್ಯಾತ್ಮ ತೋಡಿಸಿದ್ದೆಂಬ ದಾಖಲೆಯಿಲ್ಲ. ಮಳೆಯ ನೀರು ಮತ್ತು ನೆಲದ ಒರತೆಗಳಿಂದ ತುಂಬುವ ಸಹಜ ಜಲಾಶಯ ಅದು. ಸುತ್ತಲೂ ಪುರಸಭೆಯ ರಸ್ತೆ, ರಸ್ತೆಯ ಆಚೆಗೆ ಸವರ್ಣೀಯರ ಮನೆಗಳು, ಕೆಲವೇ ಕೆಲವು ಮುಸಲ್ಮಾನರ ಮನೆಗಳು. ಆ ಮನೆಗಳ ಒಡೆಯರಲ್ಲಿ ಅನೇಕರಿಗೆ ಕೆರೆಯಂಚಿನ ಸಣ್ಣ ಸಣ್ಣ ನೆಲದ ತುಂಡುಗಳೂ, ನೀರಿಗೆ ಇಳಿಯುವ ಕಲ್ಲಿನ ಮೆಟ್ಟಿಲುಗಳೂ ಸ್ವಂತಕ್ಕೆ ಸೇರಿದ್ದವು. ಮುಂದೆ ನ್ಯಾಯಾಲಯದ ಕಡತದಲ್ಲಿ ದಾಖಲಾದ ಈ ಸಂಗತಿಯನ್ನು ನಾನು ಬಹಳ ಮುಖ್ಯವೆಂದು ಎಣಿಸುತ್ತೇನೆ, ಏಕೆಂದರೆ ನೀರು ಎಲ್ಲರದು, ರಸ್ತೆ ಎಲ್ಲರದು, ಆದರೆ ರಸ್ತೆಯಿಂದ ನೀರಿಗೆ ಇಳಿಯುವ ಆ ಹತ್ತು ಹೆಜ್ಜೆ ಯಾರದೋ ಒಬ್ಬರದು ಎಂಬ ಸ್ಥಿತಿಯಲ್ಲಿ ಸಾರ್ವಜನಿಕ ಎಂಬ ಮಾತಿಗೆ ಎಷ್ಟು ಅರ್ಥ ಉಳಿಯುತ್ತದೆ ಎಂಬ ಪ್ರಶ್ನೆ ಅಲ್ಲಿಯೇ ಇದೆ.

ಕೆರೆಯ ಹತ್ತಿರ ಅಸ್ಪೃಶ್ಯರ ಮನೆ ಒಂದೂ ಇರಲಿಲ್ಲ. ಆದರೆ ಅಸ್ಪೃಶ್ಯರೆನಿಸಿದ್ದ ಜಾತಿಗಳಲ್ಲಿ ಒಂದಾದ, ಸುತ್ತಲಿನ ಹಳ್ಳಿಗಳ ಮಹಾರರು ಮಹಾಡ್‌ಗೆ ಬರುವುದು ತಪ್ಪುತ್ತಿರಲಿಲ್ಲ. ಸಂತೆ ಸಾಮಾನಿಗೆ ಬರಬೇಕಿತ್ತು; ಊರಿನ ಚಾಕರಿ ಮಾಡುವವರಾದ್ದರಿಂದ ಗ್ರಾಮಾಧಿಕಾರಿಗಳ ಕಾಗದಪತ್ರಗಳನ್ನೂ, ವಸೂಲಾದ ಕಂದಾಯವನ್ನೂ ಹೊತ್ತು ತಾಲ್ಲೂಕು ಕಚೇರಿಗೆ ತಲುಪಿಸಬೇಕಿತ್ತು. ಸರ್ಕಾರದ ಹಣವನ್ನು ನಂಬಿ ಹೊರಿಸುತ್ತಿದ್ದ ಅದೇ ಮನುಷ್ಯನಿಗೆ ಬಿಸಿಲಲ್ಲಿ ಬಾಯಾರಿದರೆ ಊರ ನಡುವಿನ ಕೆರೆಯ ನೀರಿಲ್ಲ. ಹೊರಗಿನಿಂದ ಬಂದ ಮುಸಲ್ಮಾನರಿಗೆ, ಕ್ರೈಸ್ತರಿಗೆ ಅಡ್ಡಿಯಿರಲಿಲ್ಲ. ಇವರಿಗೆ ಮಾತ್ರ ಇತ್ತು. ಇವರ ಕೇರಿಯಲ್ಲಿ ಒಂದು ಬಾವಿ ಇತ್ತು ನಿಜ, ಆದರೆ ಅದು ಪೇಟೆಯಿಂದ ದೂರ, ಮೇಲಾಗಿ ಪುರಸಭೆಯ ಅಲಕ್ಷ್ಯದಿಂದ ಹೂಳು ತುಂಬಿಕೊಂಡಿತ್ತು.

1923ರ ಆಗಸ್ಟ್ 4ರಂದು ಸೀತಾರಾಮ ಕೇಶವ ಬೋಳೆ ಅವರು ಮುಂಬಯಿ ವಿಧಾನ ಪರಿಷತ್ತಿನಲ್ಲಿ ಮಂಡಿಸಿದ ನಿರ್ಣಯ ಈ ಪರಿಸ್ಥಿತಿಗೆ ಉತ್ತರವಾಗಿ ಬಂದದ್ದು. ಸಾರ್ವಜನಿಕ ಹಣದಿಂದ ಕಟ್ಟಿ ನಿರ್ವಹಿಸುವ, ಅಥವಾ ಸರ್ಕಾರ ನೇಮಿಸಿದ ಇಲ್ಲವೇ ಶಾಸನದಿಂದ ಹುಟ್ಟಿದ ಸಂಸ್ಥೆಗಳ ಆಡಳಿತದಲ್ಲಿರುವ ನೀರಿನ ತಾಣ, ಬಾವಿ, ಧರ್ಮಶಾಲೆಗಳನ್ನೂ, ಹಾಗೆಯೇ ಸರ್ಕಾರಿ ಶಾಲೆ, ನ್ಯಾಯಾಲಯ, ಕಚೇರಿ, ದವಾಖಾನೆಗಳನ್ನೂ ಅಸ್ಪೃಶ್ಯ ವರ್ಗದವರು ಬಳಸಲು ಬಿಡಬೇಕೆಂದು ಅದು ಶಿಫಾರಸು ಮಾಡಿತು. ಸೆಪ್ಟೆಂಬರ್ ತಿಂಗಳಲ್ಲಿ ಸರ್ಕಾರ ತನ್ನ ಇಲಾಖೆಗಳಿಗೆ ಅದರಂತೆ ನಡೆಯಲು ಸೂಚನೆ ಕೊಟ್ಟಿತು. ಬೆಳಗಾವಿ, ಧಾರವಾಡ, ವಿಜಯಪುರ, ಕಾರವಾರ ಕಡೆಯ ಕನ್ನಡ ಜಿಲ್ಲೆಗಳೂ ಆಗ ಮುಂಬಯಿ ಪ್ರಾಂತದಲ್ಲಿಯೇ ಇದ್ದುದರಿಂದ ಆ ನಿರ್ಣಯ ನಮ್ಮ ಕೆರೆ ಬಾವಿಗಳಿಗೂ ಸಂಬಂಧಪಟ್ಟದ್ದಾಗಿತ್ತು. ಪ್ರಾಂತದ ಸ್ಥಳೀಯ ಸಂಸ್ಥೆಗಳಲ್ಲಿ ಬಹಳಷ್ಟು ಅದನ್ನು ಮೂಲೆಗಿಟ್ಟವು. ಹೀಗಾಗಿ ಬೋಳೆಯವರು 1926ರ ಆಗಸ್ಟ್‌ನಲ್ಲಿ ಇನ್ನೊಂದು ನಿರ್ಣಯ ತಂದು, ಇದನ್ನು ಪಾಲಿಸದ ಸಂಸ್ಥೆಗಳಿಗೆ ಅನುದಾನ ಕೊಡಬಾರದೆಂದು ಕೇಳಬೇಕಾಯಿತು. ಮಹಾಡ್ ಪುರಸಭೆ, ಸುಧಾರಕ ಮನಸ್ಸಿನ ಸುರೇಂದ್ರನಾಥ ಟಿಪ್ನಿಸ್ ಅವರಂಥವರಿದ್ದ ಕಾರಣದಿಂದ, ಆ ಮಟ್ಟಿಗೆ ಮುಂದಿತ್ತು. ಅದು ಠರಾವನ್ನಾದರೂ ಮಾಡಿತು.

ಹಾಗಾದರೆ ತಡೆದದ್ದು ಏನು? ಕೆರೆಯ ಸುತ್ತ ಕಾವಲುಗಾರನಿರಲಿಲ್ಲ, ಫಲಕವಿರಲಿಲ್ಲ. ಒಬ್ಬ ಮಹಾರನು ತಾನೊಬ್ಬನೇ ಮೆಟ್ಟಿಲಿಳಿದಿದ್ದರೆ ಸಂಜೆಯೊಳಗೆ ಅವನ ಹಳ್ಳಿಗೆ ಸುದ್ದಿ ಮುಟ್ಟುತ್ತಿತ್ತು. ಅವನಿಗೆ ಕೂಲಿ ಕೊಡುವವರು, ಅವನ ಗುಡಿಸಲು ನಿಂತ ನೆಲದ ಒಡೆಯರು, ಸುಗ್ಗಿಯಲ್ಲಿ ಅವನಿಗೆ ಕಾಳು ಅಳೆಯುವವರು ಎಲ್ಲರೂ ಅದೇ ದಡದವರ ಬಂಧುಬಳಗ. ಮತ್ತು ಅವನ ಮನಸ್ಸಿನೊಳಗೇ, ಮಗುವಾಗಿದ್ದಾಗಿನಿಂದ, ಇಳಿಯಬಾರದೆಂಬ ಅಭ್ಯಾಸ ಬೇರೂರಿತ್ತು. ಆದೇಶ ಹೊರಡಿಸುವ ಕೈಗೆ ಈ ಎರಡೂ ನಿಲುಕುವುದಿಲ್ಲ.

ನಾಲ್ಕು ನಾಲ್ಕು ಜನರ ಸಾಲು

1927ರ ಮಾರ್ಚ್ 19 ಮತ್ತು 20ರಂದು ಮಹಾಡ್‌ನಲ್ಲಿ ಕೊಲಾಬಾ ಜಿಲ್ಲೆಯ ಬಹಿಷ್ಕೃತ ವರ್ಗಗಳ ಪರಿಷತ್ತು ಸೇರಿತು. ಅಧ್ಯಕ್ಷರಾಗಿ ಬಂದವರು ಮೂವತ್ತೈದು ವರ್ಷದ ವಕೀಲ, ಆಗಷ್ಟೇ ಮುಂಬಯಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡಿದ್ದ ಡಾ. ಭೀಮರಾವ್ ಅಂಬೇಡ್ಕರ್. ಅವರಿಗೆ ಈ ನೀರಿನ ವಿಷಯ ಪುಸ್ತಕದಿಂದ ತಿಳಿದದ್ದಾಗಿರಲಿಲ್ಲ. ಸಾತಾರಾದ ಶಾಲೆಯಲ್ಲಿ ಓದುವಾಗ ಅವರು ತಾವಾಗಿ ನೀರಿನ ನಲ್ಲಿಯನ್ನು ಮುಟ್ಟುವಂತಿರಲಿಲ್ಲ. ಜವಾನ ಬಂದು ತಿರುಗಿಸಿದರೆ ಮಾತ್ರ ನೀರು, ಜವಾನ ಬಾರದ ದಿನ ನೀರಿಲ್ಲ.

ಪರಿಷತ್ತಿನ ಸಿದ್ಧತೆಯನ್ನು ಹೊತ್ತವರ ಹೆಸರುಗಳನ್ನು ಗಮನವಿಟ್ಟು ನೋಡಬೇಕು. ರಾಮಚಂದ್ರ ಬಾಬಾಜಿ ಮೋರೆ, ಸಂಭಾಜಿ ಗಾಯಕವಾಡ ಅವರಂಥ ಮಹಾರ ಸಮಾಜದ ಕಾರ್ಯಕರ್ತರೊಂದಿಗೆ ಕಾಯಸ್ಥ ಪ್ರಭು ಸಮಾಜದ ಅನಂತರಾವ್ ಚಿತ್ರೆ ಮತ್ತು ಟಿಪ್ನಿಸ್ ಇದ್ದರು, ಬ್ರಾಹ್ಮಣರಾದ ಗಂಗಾಧರ ಸಹಸ್ರಬುದ್ಧೆ ಇದ್ದರು. ಹೀಗೆ ಬೇರೆ ಬೇರೆ ಕೇರಿಯವರು ತಿಂಗಳುಗಟ್ಟಲೆ ಒಟ್ಟಿಗೆ ಕುಳಿತು, ಒಟ್ಟಿಗೆ ಹಳ್ಳಿ ತಿರುಗಿ ಒಂದು ಸಭೆಯನ್ನು ಕಟ್ಟಿದ್ದೇ ಅಂದಿನ ಕೊಂಕಣದ ಮಟ್ಟಿಗೆ ದೊಡ್ಡ ಘಟನೆ. ಕೆಲವು ಸಾವಿರ ಜನ ಬಂದರು. ಅವರಿಗೆ ಕುಡಿಯಲು ಊರಿನಲ್ಲಿ ನೀರಿಲ್ಲದಿದ್ದುದರಿಂದ, ಸವರ್ಣೀಯರಿಗೆ 40 ರೂಪಾಯಿ ಕೊಟ್ಟು ನೀರು ತರಿಸಲಾಯಿತು. ಸಾರ್ವಜನಿಕವೆಂದು ಠರಾವಾದ ಕೆರೆ ಕಣ್ಣೆದುರಿಗೇ ಇತ್ತು.

ಮೊದಲ ದಿನದ ಭಾಷಣದಲ್ಲಿ ಅಂಬೇಡ್ಕರ್ ಅವರು ಸರ್ಕಾರದ ಬಗ್ಗೆ ಹೇಳಿದ್ದಕ್ಕಿಂತ ಸಭಿಕರ ದಿನಚರಿಯ ಬಗ್ಗೆ ಹೇಳಿದ್ದು ಹೆಚ್ಚು ಮನಸ್ಸಿಗೆ ನಾಟುವಂಥದ್ದು. ಸತ್ತ ದನದ ಮಾಂಸವನ್ನು ಬಿಡಿ, ಎಂಜಲಿಗೆ ಕೈಯೊಡ್ಡಬೇಡಿ, ವತನದ, ಅಂದರೆ ವಂಶಪಾರಂಪರ್ಯವಾಗಿ ಬಂದ ಊರ ಕೆಲಸದ, ಹೆಸರಿನಲ್ಲಿ ಊರಿಗೆಲ್ಲ ಚಾಕರಿ ಮಾಡುವುದನ್ನು ಬಿಟ್ಟು ಬೇಸಾಯ ಹಿಡಿಯಿರಿ, ಮಕ್ಕಳನ್ನು ಓದಿಸಿ ಎಂದರು. ಸಮಾನರಂತೆ ಬಾಳಬೇಕಾದವನು ಮೊದಲು ತನ್ನನ್ನು ತಾನು ಸಮಾನನೆಂದು ಎಣಿಸಬೇಕು. ಎಂಜಲಿಗೆ ಒಡ್ಡಿದ ಕೈ ಮರುಗಳಿಗೆಯಲ್ಲಿ ಮತಪೆಟ್ಟಿಗೆಯ ಮುಂದೆ ಸ್ವತಂತ್ರವಾಗಲಾರದು ಎಂಬ ತಿಳಿವಳಿಕೆ ಆ ಮಾತುಗಳ ಒಳಗಿದೆ ಎಂದು ನಾನು ಓದಿಕೊಳ್ಳುತ್ತೇನೆ.

ಎರಡನೆಯ ದಿನ ಸಭೆ ಮುಗಿಯುತ್ತಾ ಬಂದಾಗ ಚಿತ್ರೆಯವರು ಎದ್ದು ನಿಂತು, ಎಲ್ಲರೂ ಸೇರಿ ಈಗಲೇ ಕೆರೆಗೆ ಹೋಗೋಣ ಎಂದು ಸೂಚಿಸಿದರು. ಜನ ನಾಲ್ಕು ನಾಲ್ಕು ಮಂದಿಯ ಸಾಲಾಗಿ, ಸದ್ದುಗದ್ದಲವಿಲ್ಲದೆ, ಪೇಟೆಯ ಬೀದಿಯಲ್ಲಿ ನಡೆದು ಹೋದರು. ಅಂಬೇಡ್ಕರ್ ಮೊದಲು ಇಳಿದು ಬೊಗಸೆಯಲ್ಲಿ ನೀರು ತೆಗೆದುಕೊಂಡು ಕುಡಿದರು; ಅವರ ಹಿಂದೆ ಉಳಿದವರು ಕುಡಿದರು. ಅಷ್ಟಾದ ಮೇಲೆ ಎಲ್ಲರೂ ಚಪ್ಪರಕ್ಕೆ ಮರಳಿದರು.

ಸುಮಾರು ಎರಡು ಗಂಟೆಯ ತರುವಾಯ, ಇವರು ವೀರೇಶ್ವರ ದೇವಸ್ಥಾನಕ್ಕೂ ನುಗ್ಗುತ್ತಾರೆಂಬ ಸುಳ್ಳು ಸುದ್ದಿ ಊರಿನಲ್ಲಿ ಹಬ್ಬಿತು. ದೊಣ್ಣೆ ಹಿಡಿದ ಗುಂಪು ಚಪ್ಪರಕ್ಕೆ ನುಗ್ಗಿದಾಗ ಹೆಚ್ಚಿನ ಪ್ರತಿನಿಧಿಗಳು ಊರು ಸೇರಲು ಗಂಟು ಕಟ್ಟುತ್ತಿದ್ದರು, ಕೆಲವರು ಊಟ ಮಾಡುತ್ತಿದ್ದರು. ಅನ್ನ ಮಣ್ಣುಪಾಲಾಯಿತು. ಸುಮಾರು ಇಪ್ಪತ್ತು ಜನರಿಗೆ ಜೋರು ಪೆಟ್ಟಾಯಿತು. ಗಾಯಗೊಂಡವರಲ್ಲಿ ಹೆಂಗಸರೂ ಇದ್ದರು. ಅನೇಕರಿಗೆ ಮುಸಲ್ಮಾನರ ಮನೆಗಳಲ್ಲಿ ಆಸರೆ ಸಿಕ್ಕಿತು. ಮರಳುವವರನ್ನು ದಾರಿಯಲ್ಲಿ ಹೊಡೆಯಿರೆಂದು ಹಳ್ಳಿಗಳಿಗೂ ಹೇಳಿ ಕಳುಹಿಸಲಾಗಿತ್ತು. ಅಂಬೇಡ್ಕರ್ ಅವರ ಜತೆಗಿದ್ದವರಲ್ಲಿ ಸೈನ್ಯದಲ್ಲಿ ದುಡಿದು ಬಂದ ಮಹಾರರು ಸಾಕಷ್ಟಿದ್ದರು, ತಿರುಗಿ ಹೊಡೆಯಲು ಅಪ್ಪಣೆಗಾಗಿ ಕಾದಿದ್ದರು. ಅಂಬೇಡ್ಕರ್ ಅಪ್ಪಣೆ ಕೊಡಲಿಲ್ಲ. ದಾಳಿ ಮಾಡಿದವರ ಮೇಲೆ ಮೊಕದ್ದಮೆ ನಡೆದು, ಐವರಿಗೆ ಆ ಜೂನ್‌ನಲ್ಲಿ ನಾಲ್ಕು ತಿಂಗಳ ಕಠಿಣ ಸಜೆಯಾಯಿತು. ಊರಿನವರು ಕೆರೆಯಿಂದ 108 ಕೊಡ ನೀರು ತೆಗೆದು, ಹಾಲು ಮೊಸರು ಸಗಣಿ ಗಂಜಲ ಬೆರೆಸಿ, ಮಂತ್ರ ಹೇಳಿಸಿ ಮತ್ತೆ ಕೆರೆಗೆ ಸುರಿದು ಮೈಲಿಗೆ ಕಳೆದೆವೆಂದುಕೊಂಡರು.

ಈ ಶುದ್ಧೀಕರಣವನ್ನು ಮೂಢಾಚಾರವೆಂದು ಕರೆದು ಮುಂದೆ ಹೋಗುವುದು ಸುಲಭ. ಆದರೆ ಪ್ರಕರಣದ ದೃಷ್ಟಿಯಿಂದ ಅದು ಅತ್ಯಂತ ಸ್ಪಷ್ಟವಾದ ಸಾಕ್ಷ್ಯ. ಹಿಂದೆ ಪುರಸಭೆ ಠರಾವು ಮಾಡಿದಾಗ ಯಾರೂ ಕೆರೆಯನ್ನು ತೊಳೆಯಲಿಲ್ಲ, ಏಕೆಂದರೆ ಕಾಗದದ ಮೇಲಿನ ಸಮಾನತೆಯಿಂದ ಯಾರಿಗೂ ಮೈಲಿಗೆಯಾಗಿರಲಿಲ್ಲ. ಮೈಲಿಗೆಯಾದದ್ದು ಕೈ ನೀರಿಗೆ ತಾಕಿದಾಗ. ಏನು ಬದಲಾಯಿತೆಂಬುದು ದಡದವರಿಗೆ ಚೆನ್ನಾಗಿ ಅರ್ಥವಾಗಿತ್ತು.

ಬಹುಮತವು ಹಿಂದಕ್ಕೆ ಹೆಜ್ಜೆ ಇಟ್ಟಾಗ

1927ರ ಆಗಸ್ಟ್ 4ರಂದು ಮಹಾಡ್ ಪುರಸಭೆ ತನ್ನ 1924ರ ಠರಾವನ್ನು ಹಿಂತೆಗೆದುಕೊಂಡಿತು. ಬೋಳೆಯವರು ತಮ್ಮ ನಿರ್ಣಯ ಮಂಡಿಸಿ ಆ ದಿನಕ್ಕೆ ಸರಿಯಾಗಿ ನಾಲ್ಕು ವರ್ಷ ತುಂಬಿತ್ತು. ಹಿಂತೆಗೆತವೂ ಠರಾವಿನ ಮೂಲಕ, ನಿಯಮದ ಪ್ರಕಾರವೇ ಆಯಿತು. ಅಂದಿನ ಮತದಾನದ ಹಕ್ಕು ಆಸ್ತಿ ಮತ್ತು ತೆರಿಗೆಗಳ ಮೇಲೆ ನಿಂತಿದ್ದುದರಿಂದ ಕೇರಿಯವರ ಮಾತಿಗೆ ಅಲ್ಲಿ ಜಾಗವಿರಲಿಲ್ಲ ಎಂಬುದು ನಿಜ. ಆದರೆ ಎಲ್ಲ ವಯಸ್ಕರಿಗೂ ಮತವಿದ್ದಿದ್ದರೂ ಫಲಿತಾಂಶ ಬೇರೆಯಾಗುತ್ತಿತ್ತು ಎಂದು ನನಗೆ ತೋರುವುದಿಲ್ಲ. ಊರಿನ ಹೆಚ್ಚು ಜನಕ್ಕೆ ಬೇಡವಾಗಿತ್ತು, ಕೈ ಎತ್ತಿ ಬೇಡವೆಂದರು. ಕೈ ಎಣಿಸಿ ತೀರ್ಮಾನಿಸುವುದೇ ಪ್ರಜಾಪ್ರಭುತ್ವ ಎಂದುಕೊಂಡವರು ಈ ಆಗಸ್ಟ್ 4ರ ಸಭೆಯನ್ನೂ ಪ್ರಜಾಪ್ರಭುತ್ವವೆಂದೇ ಕರೆಯಬೇಕಾಗುತ್ತದೆ.

ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಅಂಬೇಡ್ಕರ್ ಅವರಿಗೆ ಗುರುವಾಗಿದ್ದ ಜಾನ್ ಡ್ಯೂಯಿ ಅವರು, ಪ್ರಜಾಪ್ರಭುತ್ವವೆಂಬುದು ಸರ್ಕಾರದ ಒಂದು ರೂಪ ಮಾತ್ರವಲ್ಲ, ಮೊದಲಾಗಿ ಅದು ಕೂಡಿ ಬಾಳುವ ರೀತಿ, ಅನುಭವವನ್ನು ಪರಸ್ಪರ ಹಂಚಿಕೊಳ್ಳುವ ರೀತಿ ಎಂದು 1916ರಲ್ಲಿ ಬರೆದಿದ್ದರು. ಅಂಬೇಡ್ಕರ್ 1919ರಲ್ಲಿ ಮತದಾನದ ಹಕ್ಕನ್ನು ಕುರಿತ ಸೌತ್‌ಬರೋ ಸಮಿತಿಯ ಮುಂದೆ ಹೇಳಿಕೆ ಕೊಡುವಾಗಲೇ ಈ ವಿಚಾರವನ್ನು ಹಿಡಿದಿದ್ದರು. ಜೀವಕೋಶದ ಪೊರೆಯ ಮೂಲಕ ದ್ರವವು ಈ ಕಡೆಯಿಂದ ಆ ಕಡೆಗೆ ಇಳಿದು ಬೆರೆಯುವಂತೆ, ಸಮಾಜದ ಗುಂಪುಗಳ ನಡುವೆಯೂ ಅನುಭವ ಹರಿದಾಡಬೇಕು, ಜಾತಿಯ ಗೋಡೆ ಅದನ್ನು ತಡೆಯುತ್ತದೆ ಎಂಬುದು ಅವರ ವಾದ. 1936ರಲ್ಲಿ ಲಾಹೋರಿನ ಜಾತ್ ಪಾತ್ ತೋಡಕ್ ಮಂಡಳ ಎಂಬ ಜಾತಿವಿರೋಧಿ ಸಂಘಕ್ಕಾಗಿ ಬರೆದು, ಸಭೆಯೇ ರದ್ದಾದ್ದರಿಂದ ಓದದೆ ಉಳಿದ ಭಾಷಣದಲ್ಲಿ ಅವರು ಡ್ಯೂಯಿ ಅವರ ಮಾತಿನೊಂದಿಗೆ ತಮ್ಮದೊಂದು ಮಾತನ್ನು ಸೇರಿಸಿದರು: ಪ್ರಜಾಪ್ರಭುತ್ವವೆಂದರೆ ಮೂಲತಃ ಜೊತೆಯ ಮನುಷ್ಯರ ಬಗ್ಗೆ ಇರುವ ಗೌರವದ, ಆದರದ ಮನೋಭಾವ. ಆ ವಾಕ್ಯಕ್ಕೆ ಮಹಾಡ್‌ನ ಪೆಟ್ಟುಗಳ ನೆನಪು ಬೆನ್ನಿಗಿದೆ ಎಂಬುದು ನನ್ನ ಓದು. ಅಮೆರಿಕದ ತರಗತಿಯ ಕೋಣೆಯಲ್ಲಿ ಕೂಡಿ ಬಾಳುವುದು ಎಂದಷ್ಟೇ ಹೇಳಿದರೆ ಸಾಕಾಗಿತ್ತೇನೋ. ಚವದಾರ ಕೆರೆಯ ದಡದಲ್ಲಿ ನಿಂತು ಬಂದವರಿಗೆ, ಗೌರವವಿಲ್ಲದೆಯೂ ಜನ ನೂರಾರು ವರ್ಷ ಒಂದೇ ಊರಿನಲ್ಲಿ ಕೂಡಿ ಇರಬಲ್ಲರು ಎಂಬುದು ಗೊತ್ತಿತ್ತು.

ಡಿಸೆಂಬರಿನ ಮೂರು ದಿನ

ಠರಾವು ಹೋದ ಮೇಲೆ, ಕೆರೆಯ ನೀರನ್ನು ಮತ್ತೆ ಕುಡಿಯುವ ಸತ್ಯಾಗ್ರಹಕ್ಕಾಗಿ ಎರಡನೆಯ ಪರಿಷತ್ತನ್ನು ಡಿಸೆಂಬರ್ 25ಕ್ಕೆ ಕರೆಯಲಾಯಿತು. ಅದಕ್ಕೆ ಮೊದಲು ಒಂದು ಕವಲು ಬಂತು. ಬ್ರಾಹ್ಮಣೇತರ ಚಳವಳಿಯ ಮುಖಂಡರಾದ ಕೇಶವರಾವ್ ಜೇಧೆ ಮತ್ತು ದಿನಕರರಾವ್ ಜವಳಕರ್ ಅವರು ಬೆಂಬಲ ಕೊಡಲು ಮುಂದೆ ಬಂದರು. ಬ್ರಾಹ್ಮಣರು ಯಾರೂ ಇದರಲ್ಲಿ ಇರಬಾರದೆಂಬುದು ಅವರ ಷರತ್ತು. ಜನಬಲದ ಲೆಕ್ಕದಲ್ಲಿ ಅದು ದೊಡ್ಡ ಲಾಭ. ಅಂಬೇಡ್ಕರ್ ಒಪ್ಪಲಿಲ್ಲ. ತಮ್ಮ ವಿರೋಧವಿರುವುದು ಮೇಲುಕೀಳಿನ ಬುದ್ಧಿಯ ಮೇಲೆ, ಆ ಬುದ್ಧಿಯನ್ನು ಬಿಟ್ಟು ಬಂದವರು ಯಾವ ಜಾತಿಯವರಾದರೂ ತಮ್ಮವರು ಎಂಬುದು ಅವರ ನಿಲುವಾಗಿತ್ತು. ಹುಟ್ಟಿನ ಕಾರಣಕ್ಕೆ ಹೊರಗಿಡುವುದನ್ನು ಪ್ರತಿಭಟಿಸಲು ಹೊರಟ ಸಭೆಯು ಹುಟ್ಟಿನ ಕಾರಣಕ್ಕೆ ಯಾರನ್ನೂ ಹೊರಗಿಡಲಾರದು ಎಂಬ ಈ ಪಟ್ಟನ್ನು ನಾನು ಇಡೀ ಪ್ರಕರಣದಲ್ಲಿ ಅತ್ಯಂತ ಕಷ್ಟದ ತೀರ್ಮಾನವೆಂದು ತಿಳಿಯುತ್ತೇನೆ, ಏಕೆಂದರೆ ಅದು ತಮ್ಮ ಪರವಾಗಿ ಬಂದವರ ಮುಂದೆಯೇ ಹಿಡಿಯಬೇಕಾಗಿ ಬಂದದ್ದು.

ಇತ್ತ ಊರಿನ ಕೆಲವು ಸವರ್ಣೀಯರು ಡಿಸೆಂಬರ್ 12ರಂದು ಮಹಾಡ್‌ನ ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡಿ, ಕೆರೆ ಖಾಸಗಿಯದೆಂದು ವಾದಿಸಿ, ಎರಡೇ ದಿನದಲ್ಲಿ ತಾತ್ಕಾಲಿಕ ತಡೆಯಾಜ್ಞೆ ಪಡೆದರು. ಮುಂಬಯಿಯ ಪ್ರತಿನಿಧಿಗಳು ಹಡಗಿನಲ್ಲಿ ದಾಸಗಾಂವ್‌ವರೆಗೆ ಬಂದು ಅಲ್ಲಿಂದ ನಡೆದು ಮಹಾಡ್ ಸೇರಿದರು. ಚಪ್ಪರ ಹಾಕಲು ಜಾಗ ಕೊಟ್ಟವರು ಫತ್ತೇಖಾನ್ ಎಂಬ ಮುಸಲ್ಮಾನ ಗೃಹಸ್ಥರು. ಚಪ್ಪರದೊಳಗೆ ತೂಗುಹಾಕಿದ್ದ ಒಂದೇ ಒಂದು ಭಾವಚಿತ್ರ ಗಾಂಧೀಜಿಯವರದು.

ಅಧ್ಯಕ್ಷ ಭಾಷಣದಲ್ಲಿ ಅಂಬೇಡ್ಕರ್ ಹೇಳಿದ್ದರ ತಾತ್ಪರ್ಯ ಹೀಗಿತ್ತು: ಈ ಕೆರೆಯ ನೀರು ಕುಡಿದರೆ ನಾವೇನೂ ಅಮರರಾಗುವುದಿಲ್ಲ, ಇಷ್ಟು ದಿನ ಅದನ್ನು ಕುಡಿಯದೆಯೂ ಬದುಕಿದ್ದೇವೆ, ಎಲ್ಲರಂತೆ ನಾವೂ ಮನುಷ್ಯರೆಂದು ಸ್ಥಾಪಿಸಲು ಕೆರೆಗೆ ಹೋಗಬೇಕಾಗಿದೆ. ಅವರು ಆ ಸಭೆಯನ್ನು 1789ರ ಫ್ರಾನ್ಸಿನ ರಾಷ್ಟ್ರೀಯ ಸಭೆಗೆ ಹೋಲಿಸಿದರು. ಹುಟ್ಟಿನಿಂದ ಎಲ್ಲ ಮನುಷ್ಯರೂ ಸಮಾನರೆಂಬ ನಿರ್ಣಯ ಅಂಗೀಕಾರವಾಯಿತು. ಮನುಸ್ಮೃತಿಯನ್ನು ಸುಡುವ ನಿರ್ಣಯವನ್ನು ಮಂಡಿಸಿದವರು ಸಹಸ್ರಬುದ್ಧೆ. ಅಂದು ರಾತ್ರಿ ಚಪ್ಪರದ ಮುಂದೆ ತೋಡಿದ್ದ ಗುಂಡಿಯಲ್ಲಿ ಅದನ್ನು ಸುಡಲಾಯಿತು.

ತಡೆಯಾಜ್ಞೆಯನ್ನು ಮುರಿಯಬೇಕೇ ಬೇಡವೇ ಎಂಬ ಪ್ರಶ್ನೆಯನ್ನು ನಾಯಕರು ಒಳಕೋಣೆಯಲ್ಲಿ ತೀರ್ಮಾನಿಸಿ ಹೇಳಿಬಿಡಲಿಲ್ಲ. ಸಭೆಯ ಮುಂದಿಟ್ಟರು. ಪರ ವಿರೋಧ ಮಾತನಾಡಿದವರಿದ್ದರು. ಜೈಲಿಗೆ ಹೋಗಲು ಸಿದ್ಧರೆಂದು ಹೆಸರು ಬರೆಸಿದವರ ಪಟ್ಟಿ ಸಾವಿರಗಟ್ಟಲೆ ಬೆಳೆಯಿತು. ಜಿಲ್ಲೆಯ ಕಲೆಕ್ಟರ್ ಬಂದು ನ್ಯಾಯಾಲಯದ ತೀರ್ಪಿಗೆ ಕಾಯಿರೆಂದು ಕೇಳಿಕೊಂಡಾಗ ಅವರಿಗೂ ವೇದಿಕೆ ಸಿಕ್ಕಿತು. ಕಡೆಗೆ, ಆವೇಶ ಅಷ್ಟಿದ್ದರೂ, ಸತ್ಯಾಗ್ರಹವನ್ನು ಮುಂದೂಡುವ ನಿರ್ಣಯಕ್ಕೆ ಸಭೆ ಒಪ್ಪಿತು, ಮತ್ತು ಜನ ಮೆರವಣಿಗೆಯಾಗಿ ಕೆರೆಯನ್ನು ಒಂದು ಸುತ್ತು ಹಾಕಿ ನೀರು ಮುಟ್ಟದೆ ಮರಳಿದರು. ಹಿಂದಿನ ಬಾರಿ ಕೆರೆಗೆ ಇಳಿದದ್ದರಷ್ಟೇ ಧೈರ್ಯ ಈ ಬಾರಿ ಇಳಿಯದೆ ಬಂದದ್ದಕ್ಕೂ ಬೇಕಾಗಿತ್ತು. ಓದು ಬರಹ ನಿರಾಕರಿಸಲ್ಪಟ್ಟ, ಮತದ ಹಕ್ಕಿಲ್ಲದ, ಯಾವ ಪಂಚಾಯಿತಿಯಲ್ಲೂ ಬಾಯಿ ತೆರೆಯಲು ಬಿಡದ ಜನ ಒಂದು ಕಠಿಣ ಪ್ರಶ್ನೆಯನ್ನು ಚರ್ಚಿಸಿ, ಸೋತ ಅಭಿಪ್ರಾಯದವರೂ ಗೆದ್ದ ಅಭಿಪ್ರಾಯದವರ ಜತೆ ಒಂದೇ ಸಾಲಿನಲ್ಲಿ ನಡೆದ ಈ ಸಂಜೆ, ಆಗಸ್ಟ್ 4ರ ಪುರಸಭೆಯ ಸಭೆಗಿಂತ ನನಗೆ ಬಹಳ ಎತ್ತರದ್ದಾಗಿ ಕಾಣುತ್ತದೆ.

ಹೆಂಗಸರನ್ನು ಪ್ರತ್ಯೇಕವಾಗಿ ಕೂರಿಸಿಕೊಂಡು ಅಂಬೇಡ್ಕರ್ ಮಾತನಾಡಿದರು. ಜಾತಿಯ ಗುರುತಾಗಿ ಉಡಬೇಕಾಗಿದ್ದ ಸೀರೆಯ ಕಟ್ಟನ್ನು ಬಿಡಿ, ತೋಳು ಕಾಲುಗಳಲ್ಲಿ ಹೊರುವ ಭಾರದ ಒಡವೆಗಳನ್ನು ಬಿಡಿ, ಹೆಣ್ಣುಮಕ್ಕಳನ್ನೂ ಓದಿಸಿ ಎಂದರು. ಮನೆಗೆ ಮರಳಿದ ಮೇಲೆ ನಾಳೆ ಬೆಳಿಗ್ಗೆ ಮಾಡಬೇಕಾದ ಕೆಲಸಗಳು ಅವೆಲ್ಲ.

ಅಭ್ಯಾಸ ಹಕ್ಕಾಗುವುದಿಲ್ಲ

ದಾವೆ ಕೆಳಗಿನ ನ್ಯಾಯಾಲಯದಿಂದ ಮೇಲಕ್ಕೆ ಹೋಗುತ್ತಾ ಒಂಬತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು. 1937ರ ಮಾರ್ಚ್ 17ರಂದು ಮುಂಬಯಿ ಹೈಕೋರ್ಟು ತನ್ನ ತೀರ್ಪು ಕೊಟ್ಟಿತು. ಬರೆದವರು ನ್ಯಾಯಮೂರ್ತಿ ಬ್ರೂಮ್‌ಫೀಲ್ಡ್, 1922ರಲ್ಲಿ ಅಹಮದಾಬಾದಿನಲ್ಲಿ ಗಾಂಧೀಜಿಯವರಿಗೆ ಶಿಕ್ಷೆ ವಿಧಿಸಿದ್ದ ಅದೇ ನ್ಯಾಯಾಧೀಶರು. ಅಸ್ಪೃಶ್ಯರನ್ನು ಹೊರಗಿಡುವ ಅನಾದಿಕಾಲದ ಸಂಪ್ರದಾಯವಿತ್ತೆಂದು ದಾವೆ ಹೂಡಿದವರು ಸಾಬೀತು ಮಾಡಲಾಗಿಲ್ಲ ಎಂದು ಮೇಲ್ಮನವಿ ವಜಾ ಆಯಿತು. ಸುತ್ತಲೂ ಸವರ್ಣೀಯರ ಮನೆಗಳು ಎದ್ದು ನಿಲ್ಲುವ ಮೊದಲು ಇಷ್ಟು ದೊಡ್ಡ ಸಹಜ ಕೆರೆಯನ್ನು ತಮ್ಮದು ಮಾತ್ರವೆಂದು ಯಾರಾದರೂ ಕಾಯುವ ಪ್ರಯತ್ನ ಮಾಡಿದ್ದರೆಂಬುದೇ ಸಂಶಯ ಎಂಬ ನ್ಯಾಯಮೂರ್ತಿಗಳ ವಿವೇಚನೆ ನೆಲಕ್ಕೆ ಹತ್ತಿರದ್ದು. ಬಹಿಷ್ಕಾರವು ದೇವರಷ್ಟು ಹಳೆಯದೆಂದು ಎಲ್ಲರೂ ನಂಬಿದ್ದರು. ನೋಡಿದರೆ ಅದು ಮನೆಗಳ ಗೋಡೆಗಳಷ್ಟೇ ಹಳೆಯದಾಗಿತ್ತು.

ತೀರ್ಪಿನಿಂದ ಊರೂರಿನ ಬಾವಿಗಳು ತೆರೆದವೇ ಎಂದರೆ, ಇಲ್ಲ. 1925ರ ಏಪ್ರಿಲ್‌ನಲ್ಲಿ, ಮಹಾಡ್‌ಗೆ ಎರಡು ವರ್ಷ ಮೊದಲೇ, ಬೆಳಗಾವಿ ಜಿಲ್ಲೆಯ ನಿಪ್ಪಾಣಿಯಲ್ಲಿ ಮುಂಬಯಿ ಪ್ರಾಂತದ ಬಹಿಷ್ಕೃತರ ಪರಿಷತ್ತು ಸೇರಿ ಅಂಬೇಡ್ಕರ್ ಅದರಲ್ಲಿ ಮಾತನಾಡಿದ್ದರು. ಆ ಭಾಗದಲ್ಲಿಯೂ, ಹಳೆಯ ಮೈಸೂರಿನ ಸೀಮೆಯಲ್ಲಿಯೂ, ಹೋಟೆಲಿನ ಸೂರಿನಂಚಿಗೆ ಸಿಕ್ಕಿಸಿಟ್ಟ ಬೇರೆ ಲೋಟವನ್ನು, ಎತ್ತರದಿಂದ ಬೊಗಸೆಗೆ ಸುರಿಯುವ ನೀರನ್ನು ಕಣ್ಣಾರೆ ಕಂಡವರು ಇಂದಿಗೂ ನಮ್ಮ ನಡುವೆ ಇದ್ದಾರೆ. ಆ ಹೋಟೆಲುಗಳ ಗೋಡೆಗಳ ಮೇಲೆಯೇ ಪ್ರತಿ ಚುನಾವಣೆಯಲ್ಲೂ ಅಭ್ಯರ್ಥಿಗಳ ಭಿತ್ತಿಪತ್ರ ಅಂಟಿರುತ್ತಿತ್ತು.

ಅಂಬೇಡ್ಕರ್ 1948ರ ನವೆಂಬರ್ 4ರಂದು ಸಂವಿಧಾನದ ಕರಡನ್ನು ಮಂಡಿಸುತ್ತಾ, ಭಾರತದಲ್ಲಿ ಪ್ರಜಾಪ್ರಭುತ್ವವು ಮೂಲತಃ ಪ್ರಜಾಪ್ರಭುತ್ವಕ್ಕೆ ಒಗ್ಗದ ನೆಲದ ಮೇಲೆ ಹರಡಿದ ತೆಳು ಮೇಲುಗೊಬ್ಬರ ಎಂಬರ್ಥದ ಮಾತು ಹೇಳಿದಾಗ ಇದೆಲ್ಲ ಅವರಿಗೆ ತಿಳಿದಿತ್ತು. ಅದಕ್ಕಾಗಿಯೇ ಇರಬೇಕು, ಇಂದು 15ನೆಯ ವಿಧಿಯಾಗಿರುವ ಭಾಗದಲ್ಲಿ ಎರಡು ಬೇರೆ ಬೇರೆ ವಾಕ್ಯಗಳಿವೆ. ಮೊದಲನೆಯದು ರಾಜ್ಯಕ್ಕೆ ಹೇಳಿದ್ದು: ನೀನು ತಾರತಮ್ಯ ಮಾಡಬೇಡ ಎಂದು. ಎರಡನೆಯದು ರಾಜ್ಯವನ್ನು ದಾಟಿ ಊರಿನೊಳಕ್ಕೆ ಬರುತ್ತದೆ. ಅಂಗಡಿ, ಸಾರ್ವಜನಿಕ ಉಪಾಹಾರ ಗೃಹ, ಹೋಟೆಲುಗಳ ಪ್ರವೇಶಕ್ಕಾಗಲೀ, ರಾಜ್ಯದ ಹಣದಿಂದ ಪೂರ್ತಿಯಾಗಿ ಇಲ್ಲವೇ ಭಾಗಶಃ ನಿರ್ವಹಿಸುವ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆಗಳ ಬಳಕೆಗಾಗಲೀ ಯಾವ ನಾಗರಿಕನಿಗೂ ಜಾತಿಯ ಕಾರಣದಿಂದ ಅಡ್ಡಿಯಿರಬಾರದು ಎಂದು ಅದು ಹೇಳುವುದರಿಂದ, ಆ ಮಾತು ಅಡ್ಡಿ ಮಾಡುವ ನೆರೆಯವನಿಗೂ ತಗಲುತ್ತದೆ. ಬೋಳೆಯವರ 1923ರ ನಿರ್ಣಯದ ಭಾಷೆಯನ್ನು ಪಕ್ಕದಲ್ಲಿಟ್ಟು ಓದಿದವರಿಗೆ ಆ ಪಟ್ಟಿ ಎಲ್ಲಿಂದ ಬಂತೆಂದು ಗುರುತು ಸಿಗುತ್ತದೆ. ಕೆರೆಯ ಜೊತೆಗೆ ಸ್ನಾನಘಟ್ಟವೂ ಸೇರಿದೆ. ನೀರಿಗೆ ಇಳಿಯುವ ಮೆಟ್ಟಿಲನ್ನು ಈ ಸಲ ಮರೆಯಲಿಲ್ಲ.

1948ರ ನವೆಂಬರ್ 29ರಂದು ಈ ವಿಧಿ ಚರ್ಚೆಗೆ ಬಂದಾಗ, ಅಂಗಡಿ ಎಂಬ ಮಾತಿನಲ್ಲಿ ಏನೇನು ಸೇರುತ್ತದೆ, ಮಡಿವಾಳರ ಅಂಗಡಿ, ಕ್ಷೌರದಂಗಡಿಗಳೂ ಸೇರುತ್ತವೆಯೇ ಎಂಬ ಪ್ರಶ್ನೆಗಳು ಎದ್ದವು. ಹಳ್ಳಿಯಲ್ಲಿ ತಲೆಗೂದಲು ಕತ್ತರಿಸಿಕೊಳ್ಳಲು ಹತ್ತಾರು ಮೈಲಿ ನಡೆದು ಪೇಟೆಗೆ ಹೋಗಬೇಕಾದವರ ಪರವಾಗಿ ಬಂದ ಪ್ರಶ್ನೆಗಳವು. ಅಂಬೇಡ್ಕರ್ ಅವರ ಉತ್ತರ ಚಿಕ್ಕದಾಗಿತ್ತು: ತನ್ನ ಸೇವೆಯನ್ನು ಬಯಸಿ ಬರುವ ಯಾರಿಗಾದರೂ ಅದನ್ನು ಕೊಡಲು ಒಡೆಯನು ಸಿದ್ಧನಾಗಿರುವ ಜಾಗವೇ ಅಂಗಡಿ.